ಹಸಿರು ಪಟ್ಟಿ

ಬೆಳಿಗ್ಗೆ ಏಳೂವರೆ. ಸಂಡರ್ಲೆಂಡಿನ ಕಡಲಹಕ್ಕಿಗಳು
ಆಸ್ಪತ್ರೆಯ ಕಾರುಗಳ ಮೇಲೆ ಜಗಳಕ್ಕೆ ಬಿದ್ದಿವೆ.
ನಾನು ನಲ್ಲಿ ಬಿಡುತ್ತ ಬರುತ್ತೇನೆ,
ಯಾರೂ ಬಳಸದ ಕೋಣೆಗಳಲ್ಲಿ, ಎರಡೆರಡು ನಿಮಿಷ.
ನಿಂತ ನೀರಿಗೆ ಬುದ್ಧಿ ಕೆಡುತ್ತದೆ.
ಆಮೇಲೆ ಪರದೆಯ ತಾರೀಖು, ಸೋಪಿನ ಡಬ್ಬಿಯ ಮೂತಿ,
ಹಾಸಿಗೆಯ ಜಿಪ್ಪು ಎಳೆದು ಒಳಗೆ ಕಲೆ ಹುಡುಕುವುದು.
ನರ್ಸುಗಳು ಬೆನ್ನ ಹಿಂದೆ ನನಗಿಟ್ಟ ಹೆಸರು
ಗೊತ್ತು. ಹೇಳುವುದಿಲ್ಲ.

ಡಾಕ್ಟರುಗಳಿಗೆ ಒಂದು ಆಟ ಆಡಿಸುತ್ತೇನೆ.
ಲೋಷನ್ ಹಚ್ಚಿ, ತೊಳೆದು ಬನ್ನಿ ಎನ್ನುತ್ತೇನೆ.
ನೀಲಿ ಬೆಳಕಿನ ಪೆಟ್ಟಿಗೆಯೊಳಗೆ ಕೈಯಿಟ್ಟರೆ
ತೊಳೆಯದೆ ಬಿಟ್ಟದ್ದೆಲ್ಲ ಬೆಳಗುತ್ತದೆ:
ಉಗುರಿನ ಅಂಚು, ಉಂಗುರದ ಅಡಿ, ಹೆಬ್ಬೆರಳಿನ ಬುಡ.
ಮಿಸ್ಟರ್ ಪೆಂಡಲ್‌ಬರಿ, ಮೂವತ್ತು ವರ್ಷ
ಊರವರ ಸೊಂಟಕ್ಕೆ ಹೊಸ ಕೀಲು ಕೂಡಿಸಿದವರು,
ತಮ್ಮ ಹೆಬ್ಬೆರಳನ್ನು ಯಾರದೋ ಎಂಬಂತೆ ನೋಡಿದರು.
ಇನ್ನೊಮ್ಮೆ, ಎಂದೆ.
ತೊಳೆದರು.
ಕೊಪ್ಪಳದ ಆಚೆ ನನ್ನೂರಿನಲ್ಲಿ
ಒಬ್ಬರಿಗಾದರೂ ನಾನು ಹೀಗೆ ಅಂದಿದ್ದರೆ!

ಅಜ್ಜಿ ಹುಲಿಗೆಮ್ಮ ಸೂಲಗಿತ್ತಿ.
ನೋವು ಬಂದ ರಾತ್ರಿಗೆ ಮಾತ್ರ
ದೊಡ್ಡ ಮನೆಯ ಹಿತ್ತಿಲ ಬಾಗಿಲು ಅವಳಿಗೆ ತೆರೆಯುತ್ತಿತ್ತು.
ಬಳೆ ಬಿಚ್ಚಿ ಗೂಟಕ್ಕೆ ಹಾಕಿ,
ಬೂದಿ ಹಚ್ಚಿ ಮೊಣಕೈವರೆಗೆ ಉಜ್ಜಿ,
ಕುದಿವ ನೀರಲ್ಲಿ ಕುಡುಗೋಲು ಮುಳುಗಿಸಿ
ಕಾಯುತ್ತಿದ್ದಳು. ಮೊಣಕೈ ಕೆಳಗೆ ಏನೂ ಇರಕೂಡದೆಂಬ
ನಮ್ಮ ಫಲಕವನ್ನು ಅವಳು ಓದಿರಲಿಲ್ಲ.
ಓದಲು ಬರುತ್ತಲೂ ಇರಲಿಲ್ಲ.
ಬೆಳಗಾದ ಮೇಲೆ ಅವಳು ಕೂತ ಜಾಗಕ್ಕೆ
ಸಗಣಿ ನೀರು ಸುರಿದು ತೊಳೆಯುತ್ತಿದ್ದರು.
ಅವಳೇ ಎತ್ತಿಕೊಟ್ಟ ಕೂಸನ್ನು ಮಾತ್ರ
ಮೀಯಿಸಿ ಇಟ್ಟುಕೊಳ್ಳುತ್ತಿದ್ದರು.

ಏಳನೇ ಕೋಣೆ. ಬಾಗಿಲಿಗೆ ಹಳದಿ ಕಾಗದ.
ನಾರ್ಮನ್ ಥರ್ಲವೇ, ಹಡಗು ಬೆಸೆದ ಕೈ,
ಭೇದಿಗೆ ಸೋತು ಗೋಡೆಯ ಕಡೆ ತಿರುಗಿದ್ದಾನೆ.
ಅವನ ಕರುಳಲ್ಲಿ ಬೇರುಬಿಟ್ಟದ್ದಕ್ಕೆ
ಸ್ಪಿರಿಟ್ಟಿನ ಜೆಲ್ ಲೆಕ್ಕಕ್ಕಿಲ್ಲ;
ಸೋಪು, ನೀರು, ಬ್ಲೀಚು, ತೋಳಿನ ಬಲ, ಅಷ್ಟೆ.
"ಒಂಬತ್ತು ದಿನ ಆಯ್ತು, ಪೆಟ್," ಎಂದ,
"ರಬ್ಬರು ಬಿಟ್ಟು ಬೇರೇನೂ ನನ್ನ ಮುಟ್ಟಿಲ್ಲ.
ಅಷ್ಟು ಹೊಲಸಾಗಿದ್ದೇನಾ?"

ಆ ಕಾಗದ ಅಂಟಿಸಿದವಳು ನಾನೇ.
ನಿನ್ನ ದೂರಕ್ಕೆ ತಾರೀಖಿದೆ, ನಾರ್ಮನ್,
ಭೇದಿ ನಿಂತು ನಲವತ್ತೆಂಟು ಗಂಟೆ,
ಆಮೇಲೆ ಕಾಗದ ಕಿತ್ತು ಬಿಸಾಡುತ್ತೇನೆ.
ತಾರೀಖಿಲ್ಲದ ದೂರವನ್ನೂ ನಾನು ಬಲ್ಲೆ.
ಇದನ್ನು ಹೇಳಲಿಲ್ಲ. ದಿಂಬು ಸರಿಮಾಡಿದೆ,
ಗ್ಲೌಸು ಹಾಕಿಕೊಂಡೇ.

ಶುಕ್ರವಾರ ಗಂಟೆ ತುಂಬಿತು.
ಲುಜ್ವಿಮಿಂಡ ಬ್ಲೀಚು ಬಕೆಟ್ಟಿನೊಡನೆ ಇಳಿದಳು:
ಕರೆಗಂಟೆಯ ಗುಂಡಿ, ಮಂಚದ ಕಂಬಿ, ಟೀವಿಯ ರಿಮೋಟು,
ಕೊನೆಗೆ ಶೌಚದ ಕುರ್ಚಿ, ತಲೆಕೆಳಗು ಮಾಡಿ,
ನಾಲ್ಕು ಚಕ್ರವನ್ನೂ ಬೆರಳಿಟ್ಟು ತಿರುವಿ.
ಎಲ್ಲ ಮುಗಿದು ಅದಕ್ಕೊಂದು ಹಸಿರು ಪಟ್ಟಿ ಸುತ್ತಿದಳು:
ನಾನು ಶುಚಿಯಾಗಿದ್ದೇನೆ. ತಾರೀಖು. ಸಹಿ.

ನಾನು ಅವನೆದುರಿಗೇ ಕೈ ತೊಳೆದೆ.
ಹೆಬ್ಬೆರಳು ಬಿಡದೆ.
ದೊಡ್ಡ ಮನೆಯವರು ತೊಳೆದದ್ದು ಅಜ್ಜಿ ಮುಟ್ಟಿ ಹೋದ ಮೇಲೆ;
ಇಲ್ಲಿ ಮೊದಲು ತೊಳೆಯುವುದೇ ಮುಟ್ಟುವುದಕ್ಕೆ.
ಬರಿಗೈ ಚಾಚಿದೆ. ಅವನದು ಒರಟು, ಬಿಸಿ, ಒಂಚೂರು ನಡುಕ.
"ಐಸು ನಿನ್ನ ಕೈ," ಎಂದು ಬೈದ. ಬಿಡಲಿಲ್ಲ.

ಆಮೇಲೆ ಮತ್ತೆ ಸಿಂಕಿಗೆ ಹೋಗಲೇಬೇಕಿತ್ತು.
ನಲ್ಲಿ ತಿರುವಿದಾಗ ಬೆನ್ನಿಗೆ ಅವನ ಕಣ್ಣು,
ಕಿವಿಯಲ್ಲಿ ದೊಡ್ಡ ಮನೆಯ ನೆಲಕ್ಕೆ ಬಿದ್ದ ನೀರು.
"ಪಕ್ಕದ ಕೋಣೆಯ ಅಜ್ಜಿಗೋಸ್ಕರ," ಎಂದೆ, ತಿರುಗದೆ.
"ಗೊತ್ತು ಗೊತ್ತು. ತೊಳಿ."

ಸಂಜೆ ಬಸ್ಸಿನಲ್ಲಿ ಒಬ್ಬ ಹುಡುಗ ತೋರಿಸಿ ನಕ್ಕ:
ನನ್ನ ಕೋಟಿನ ತೋಳಿಗೆ ಅಂಟಿ ಬಂದಿದೆ
ಹಸಿರು ಪಟ್ಟಿಯ ತುಂಡು.
ತಾರೀಖು ಇವತ್ತಿನದೇ, ಸಹಿ ಲುಜ್ವಿಮಿಂಡಳದು.
ಕೀಳಲು ಉಗುರು ಹಾಕಿದೆ.
ಇಳಿಯುವ ನಿಲ್ದಾಣ ಇನ್ನೂ ದೂರವಿತ್ತು. ಇರಲಿ ಎಂದೆ.